ಬಾಡಿಗೆ ಮರ ಕೊಳ್ಳಲು ಹೊರಟ ಅಳಿಲು

ಎಳೆಯ ಓದುಗರೇ, ಕೆರೆ ಏರಿಯ ಕೆಳಗಿದ್ದ ಒಂದು ತೋಪಿನಲ್ಲಿ ಮರಗಳನ್ನು ಬಾಡಿಗೆಗೆ ಕೊಡುವ ಪದ್ಧತಿಯಿತ್ತು. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಗಿಳಿ, ಗೊರವಂಕ, ಗೂಬೆ ಎಲ್ಲಕ್ಕೂ ಮೊಟ್ಟೆಯಿಡಲು ಪೊಟರೆ ಬೇಕು. ಆದರೆ ಮರ ಕೊರೆಯುವ ಕೊಕ್ಕು ಇರುವುದು ಮರಕುಟಿಗನಿಗೆ ಮಾತ್ರ. ಆದ್ದರಿಂದ ಪೊಟರೆಗಳಿರುವ ಮರ ಯಾರದೋ, ಅವರಿಗೆ ದಿನಕ್ಕೊಂದು ಹಣ್ಣೋ ನಾಲ್ಕು ಕಾಳೋ ಬಾಡಿಗೆಯಾಗಿ ಸಲ್ಲುತ್ತಿತ್ತು.

ಅಲ್ಲಿ ಕಾಗದಪತ್ರವೆಂಬುದಿರಲಿಲ್ಲ. ತೋಪಿನ ಹಿರಿಯನಾದ ಆಮೆಜ್ಜನ ಎದುರು ತಲೆಯಾಡಿಸಿದರೆ ಅದೇ ಕರಾರು.

ಆ ತೋಪಿನಲ್ಲಿ ಸುರಗಿ ಎಂಬ ಅಳಿಲು ಇದ್ದಳು. ಕಳೆದ ಬೇಸಿಗೆಯಲ್ಲಿ ಬೆಕ್ಕೊಂದು ಅವಳ ಹಿಂಗಾಲನ್ನು ಕಚ್ಚಿತ್ತು. ಪ್ರಾಣ ಉಳಿಯಿತು, ಓಟ ಉಳಿಯಲಿಲ್ಲ. ಇನ್ನೊಂದು ಬೇಸಿಗೆ ಬಯಲಿಗಿಳಿದು ಕಾಳು ಆಯುವುದು ತನ್ನಿಂದಾಗದೆಂದು ಅವಳಿಗೆ ಗೊತ್ತಿತ್ತು. ಎರಡು ಸುಗ್ಗಿಗಳಲ್ಲಿ ಕೂಡಿಟ್ಟ ಕಡಲೆಕಾಯಿಯ ರಾಶಿಯೊಂದೇ ಅವಳ ಆಸ್ತಿ. ಅದನ್ನು ಕೊಟ್ಟು ಒಳ್ಳೆಯ ಮರ ಕೊಂಡರೆ ಕುಳಿತಲ್ಲಿಗೇ ಊಟ ಬರುತ್ತದೆ. ಕೆಟ್ಟ ಮರ ಕೊಂಡರೆ ಉಪವಾಸ.

ಓತಿಕ್ಯಾತ ತನ್ನ ಬೂರುಗದ ಮರವನ್ನು ಮಾರಲು ಮುಂದೆ ಬಂದ.

"ಐದು ಪೊಟರೆ ತಾಯಿ, ಐದು!" ಎಂದ ಅವನು, ಆಮೆಜ್ಜನ ಎದುರು ಎಲ್ಲರೂ ಸೇರಿದ್ದಾಗ. "ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಋಷಿ ಕೊಕ್ಕರೆ ಹನ್ನೆರಡು ವರ್ಷ ಒಂಟಿಕಾಲಿನಲ್ಲಿ ನಿಂತು ತಪಸ್ಸು ಮಾಡಿದ್ದು ಈ ಮರದ ಬುಡದಲ್ಲೇ. ಅಂದಿನಿಂದ ಇದಕ್ಕೆ ಗೆದ್ದಲು ಹಿಡಿಯದು, ಹಾವು ಹತ್ತದು!"

ಸುತ್ತ ಕುಳಿತವರೆಲ್ಲ ಭಕ್ತಿಯಿಂದ ತಲೆಯಾಡಿಸಿದರು. ಕೊಕ್ಕರೆ ಒಂಟಿಕಾಲಿನಲ್ಲಿ ನಿಲ್ಲುವುದು ಮೀನಿಗಾಗಿಯೂ ಇರಬಹುದಲ್ಲ ಎಂದು ಸುರಗಿಗೆ ಅನ್ನಿಸದೆ ಇರಲಿಲ್ಲ. ಆದರೆ ಅವಳಲ್ಲೊಂದು ದೌರ್ಬಲ್ಯವಿತ್ತು. ನಾಲ್ಕು ಜನರ ನಡುವೆ ಪ್ರಶ್ನೆ ಕೇಳಲು ಅವಳಿಗೆ ನಾಚಿಕೆ. ಎಲ್ಲರ ತಲೆಯೂ ಆಡುತ್ತಿರುವಾಗ ತನ್ನದೊಂದೇ ನೆಟ್ಟಗಿರುವುದು ಮುಜುಗರವೆನಿಸಿ ಅವಳೂ ತಲೆಯಾಡಿಸಿಬಿಟ್ಟಳು.

ಕರಾರಾಯಿತು. ಕಡಲೆಕಾಯಿ ರಾಶಿಯ ಅರ್ಧ ಮುಂಗಡವಾಗಿ ಓತಿಕ್ಯಾತನ ಪಾಲಾಯಿತು. ಓತಿಕ್ಯಾತ ಕಡಲೆಕಾಯಿ ತಿನ್ನುವುದಿಲ್ಲ, ನಿಜ. ಕಡಲೆಕಾಯಿಗೆ ಬರುವ ಹುಳಗಳನ್ನು ತಿನ್ನುತ್ತಾನೆ. ಉಳಿದರ್ಧವನ್ನು ಮೂರನೆಯ ದಿನ ಕೊಡಬೇಕೆಂದು ಮಾತಾಯಿತು.

ಮರುದಿನ ಬೆಳಗ್ಗೆ ಸುರಗಿ ಮರವನ್ನು ನೋಡಲು ಹೋದಳು. ಕೊಳ್ಳುವ ಮೊದಲು ಮಾಡಬೇಕಾದ ಕೆಲಸವನ್ನು ಅವಳು ಕೊಂಡ ಮೇಲೆ ಮಾಡಹೊರಟಿದ್ದಳು. ಅದು ಮೊಟ್ಟೆಯಿಡುವ ಕಾಲ. ತೋಪಿನ ಉಳಿದ ಮರಗಳಲ್ಲೆಲ್ಲ ಕಿಚಿಕಿಚಿ ಗದ್ದಲ. ಇಲ್ಲಿ ಮಾತ್ರ ಐದು ಪೊಟರೆಗಳೂ ನಿಶ್ಶಬ್ದ. ಪಕ್ಕದ ಮರದಲ್ಲಿ ಮರಕುಟಿಗ ಕೆಲಸ ಮಾಡುತ್ತಿದ್ದ.

"ಮಾವ, ಈ ಕಾಲದಲ್ಲೂ ಈ ಮರ ಖಾಲಿ ಬಿದ್ದಿದೆಯಲ್ಲ, ಏಕೆ?"

"ನನ್ನನ್ನು ಕೇಳಬೇಡಮ್ಮ. ಋಷಿಯ ಮರಕ್ಕೆ ಕೊಕ್ಕು ತಾಗಿಸಿದರೆ ಪಾಪಿ ಅಂತಾರೆ."

"ನಾನು ಅನ್ನುವುದಿಲ್ಲ. ಒಂದೇ ಒಂದು ಸಲ ಕುಟ್ಟಿ ನೋಡಿ."

ಮರಕುಟಿಗ ಅತ್ತಿತ್ತ ನೋಡಿ ಹಾರಿ ಬಂದ. ಮೇಲಿನ ಕೊಂಬೆ ಟಕ್ ಟಕ್ ಎಂದಿತು. ಬುಡ ಡೊಬ್ ಡೊಬ್ ಎಂದಿತು. ಮೂರನೆಯ ಪೆಟ್ಟಿಗೆ ಅಂಗೈಯಗಲದ ತೊಗಟೆ ಕಳಚಿ ಬಿತ್ತು. ಅದರ ಹಿಂದೆ ಬಿಳಿಯ ಗೆದ್ದಲು ಗಿಜಿಗುಡುತ್ತಿತ್ತು. ಕೆಳಗಿನ ಪೊಟರೆಯ ಬಾಯಲ್ಲಿ ಹಾವಿನ ಪೊರೆಯೊಂದು ಸಿಕ್ಕಿಕೊಂಡಿತ್ತು. ಸುರಗಿ ಮುಟ್ಟಿ ನೋಡಿದಳು. ಇನ್ನೂ ಹಸಿಯಾಗಿತ್ತು.

"ಮುಂಗಡ ಹೋದರೆ ಹೋಗಲಿ ಬಿಡಮ್ಮ," ಎಂದ ಮರಕುಟಿಗ. "ಊರನ್ನು ಎದುರು ಹಾಕಿಕೊಳ್ಳಬೇಡ."

"ಕಾಲನ್ನು ಬೆಕ್ಕಿಗೆ ಕೊಟ್ಟಾಯಿತು ಮಾವ. ಕಡಲೆಕಾಯಿಯನ್ನು ಕಟ್ಟುಕತೆಗೆ ಕೊಡುವುದಿಲ್ಲ," ಎಂದಳು ಸುರಗಿ.

ಮೂರನೆಯ ದಿನ ಬೂರುಗದ ಮರದ ಕೆಳಗೇ ಸಭೆ ಸೇರಿತು.

"ಎಲ್ಲಿ ತಾಯಿ, ಉಳಿದರ್ಧ?" ಎಂದ ಓತಿಕ್ಯಾತ.

"ಕೊಡುವುದಿಲ್ಲ. ಕೊಟ್ಟದ್ದೂ ಹಿಂದಕ್ಕೆ ಬೇಕು."

"ಕಾಲು ಕುಂಟಿದರೂ ನಾಲಿಗೆ ಕುಂಟಿಲ್ಲ ನೋಡಿ ಇವಳದು!" ಎಂದು ಗೊರವಂಕ ನಕ್ಕಿತು.

ಆಮೆಜ್ಜ ಚಿಪ್ಪಿನಿಂದ ಕತ್ತು ಹೊರಗೆ ಚಾಚಿದ. "ಮಗಳೇ, ನನ್ನೆದುರು ತಲೆಯಾಡಿಸಿದ್ದೀಯೆ."

"ಹೌದು ಅಜ್ಜ. ಗೆದ್ದಲು ಹಿಡಿಯದ, ಹಾವು ಹತ್ತದ ಮರಕ್ಕೆ ತಲೆಯಾಡಿಸಿದ್ದೆ. ಇದು ಆ ಮರವಲ್ಲ."

"ಋಷಿಯ ಮಹಿಮೆಯನ್ನೇ ಅನುಮಾನಿಸುತ್ತೀಯಾ?" ಎಂದು ಗುಂಪು ಕೂಗಿತು.

ಹಳೆಯ ನಾಚಿಕೆ ಸುರಗಿಯನ್ನು ಹಿಂದಕ್ಕೆ ಎಳೆಯುತ್ತಿತ್ತು. ಆದರೂ ಅವಳು ಬಾಲ ನೆಟ್ಟಗೆ ಮಾಡಿ ನಿಂತಳು. "ಋಷಿಯನ್ನು ನಾನು ಕಂಡಿಲ್ಲ, ನೀವೂ ಕಂಡಿಲ್ಲ. ಓತಿಕ್ಯಾತಣ್ಣನನ್ನು ಎಲ್ಲರೂ ಕಾಣುತ್ತಿದ್ದೇವೆ. ಅವನನ್ನೇ ಕೇಳುತ್ತೇನೆ. ಅಣ್ಣಾ, ಕೆಳಗಿನ ಪೊಟರೆಯೊಳಗೆ ಹೊಕ್ಕು, ಬಾಲದ ತುದಿಯೂ ಕಾಣದಂತೆ ಒಂದು ಗಳಿಗೆ ಕುಳಿತು ಬಾ. ಕುಳಿತರೆ ಉಳಿದರ್ಧವೂ ನಿನ್ನದು. ಕೂರದಿದ್ದರೆ ನನ್ನ ಮುಂಗಡ ನನ್ನದು. ಒಪ್ಪಿಗೆಯೇ?"

ಹತ್ತು ಜನ ತನ್ನತ್ತ ನೋಡಿದರೆ ಸಾಕು, ಎದೆಯುಬ್ಬಿಸಿ ತಲೆಯಾಡಿಸುವುದು ಓತಿಕ್ಯಾತನ ವಂಶದ ಚಾಳಿ. ಅವನ ಕಿವಿಗೆ ಬಿದ್ದದ್ದೂ "ಉಳಿದರ್ಧವೂ ನಿನ್ನದು" ಎಂಬಷ್ಟೇ. ಮೂರು ಸಲ ಜೋರಾಗಿ ತಲೆಯಾಡಿಸಿಬಿಟ್ಟ.

"ಕರಾರಾಯಿತು," ಎಂದ ಆಮೆಜ್ಜ. "ಹತ್ತಪ್ಪ."

ಆಗಷ್ಟೇ ಓತಿಕ್ಯಾತನಿಗೆ ತಾನು ಒಪ್ಪಿದ್ದು ಏನೆಂದು ತಿಳಿಯಿತು. ಕೆಂಪಗಿದ್ದ ಕತ್ತು ಹಳದಿಯಾಯಿತು, ಹಳದಿ ಬೂದುಬಣ್ಣವಾಯಿತು. ಒಂದೊಂದೇ ಕಾಲಿಡುತ್ತ ಪೊಟರೆಯ ಬಾಯಿಯವರೆಗೆ ಹೋದ. ಒಳಗೆ ಏನೋ ಸರಕ್ಕೆಂದಿತು.

"ಅಯ್ಯಯ್ಯೋ, ಅದು ಇನ್ನೂ ಹೋಗಿಲ್ಲ!" ಎಂದು ಚೀರಿ ಹಾರಿದವನು ನೇರವಾಗಿ ಆಮೆಜ್ಜನ ಬೆನ್ನ ಮೇಲೆ ಬಿದ್ದ.

"ಯಾವುದು ಅಣ್ಣಾ, ಇನ್ನೂ ಹೋಗಿಲ್ಲದ್ದು?" ಎಂದು ಸುರಗಿ ಕೇಳಿದಳು. "ಒಳಗೆ ಹಾವಿರುವುದು ನಿನಗೆ ಮೊದಲೇ ಗೊತ್ತಿತ್ತು, ಅಲ್ಲವೇ?"

ಓತಿಕ್ಯಾತ ಆಮೆಜ್ಜನ ಬೆನ್ನಿನಿಂದ ಜಾರಿ ಪೊದೆಯತ್ತ ಓಡಿದ. ಸಂಜೆಯೊಳಗೆ ಮುಂಗಡವೆಲ್ಲ ಹಿಂದಕ್ಕೆ ಬಂತು. ಆದರೂ ಆಮೆಜ್ಜನಿಗೆ ಸಮಾಧಾನವಿರಲಿಲ್ಲ.

"ಕಡಲೆಕಾಯಿ ಸಿಕ್ಕಿತು, ಸರಿ. ಋಷಿಯ ಮರವನ್ನು ಹೀಗಳೆದೆಯಲ್ಲ ಮಗಳೇ, ಶಾಪ ತಟ್ಟೀತು."

"ಬರಲಿ ಅಜ್ಜ. ಶಾಪಕ್ಕೂ ಇರಲು ಜಾಗ ಬೇಕಾದರೆ ಒಂದು ಪೊಟರೆ ಕೊಡುತ್ತೇನೆ. ಬಾಡಿಗೆ ಮಾತ್ರ ಮೊದಲೇ ಕೊಡಬೇಕು."

ಆಮೇಲೆ ಸುರಗಿ ಮರಕುಟಿಗನ ಜೊತೆ ಎಂಟು ದಿನ ಅಲೆದಳು. ಏಳು ಮರಗಳನ್ನು ಕುಟ್ಟಿಸಿ ನೋಡಿ ಬೇಡವೆಂದಳು. ಎಂಟನೆಯದು ಒಂದು ಹಿಪ್ಪೆ ಮರ. ಪೊಟರೆ ಮೂರೇ, ಕತೆ ಒಂದೂ ಇಲ್ಲ, ಬುಡ ಗಟ್ಟಿ. ಕೊಂಡ ಮೇಲೂ ಸ್ವಲ್ಪ ಕಡಲೆಕಾಯಿ ಮಿಕ್ಕಿತು.

ಆದರೆ ಬಾಡಿಗೆಗೆ ಯಾರೂ ಬರಲಿಲ್ಲ. "ಶಾಪ ಹೊತ್ತವಳ ಮರ," ಎಂದು ಗೊರವಂಕ ಊರೆಲ್ಲ ಸಾರಿತ್ತು. ಐದು ದಿನ ಕಳೆದವು. ಆರನೆಯ ದಿನ ಗೂಬೆಯೊಂದು ಬಂದು ದೂರದ ಕೊಂಬೆಯಲ್ಲೇ ಕುಳಿತಿತು.

"ಮೊದಲೇ ಹೇಳಿಬಿಡ್ತೇನೆ ಅಮ್ಮ. ನಮ್ಮನ್ನು ಅಪಶಕುನ ಅಂತಾರೆ, ಯಾರೂ ಬಾಡಿಗೆಗೆ ಸೇರಿಸಲ್ಲ. ಮನೆಯವಳು ಇವತ್ತೋ ನಾಳೆಯೋ ಮೊಟ್ಟೆಯಿಡಬೇಕು."

"ಹಾಗೆ ಅನ್ನುವವರು ನಿಮ್ಮ ಪಕ್ಕದಲ್ಲಿ ಒಂದು ದಿನವಾದರೂ ಬಾಳಿ ನೋಡಿದ್ದಾರೆಯೇ?"

"ಇಲ್ಲ. ಬಾಡಿಗೆಗೆ... ನಿಮಗೆ ಇಲಿ ಆಗುತ್ತದೆಯೇ?"

ಸುರಗಿ ನಕ್ಕಳು. "ಆಗುವುದಿಲ್ಲ. ಆದರೆ ಮಿಕ್ಕ ಕಡಲೆಕಾಯಿಗೆ ಇಲಿಗಳ ಕಾಟವಿದೆ. ಅವು ಈ ಕಡೆ ಸುಳಿಯದಂತೆ ನೋಡಿಕೊಂಡರೆ ಅದೇ ಬಾಡಿಗೆ. ಈಗ ಮೇಲಿನ ಪೊಟರೆಗೆ ಹೋಗಿ, ಒಳಗೆಲ್ಲ ತಟ್ಟಿ ನೋಡಿ ಬನ್ನಿ. ನಾನು ಹೇಳಿದೆನೆಂದು ನಂಬಬೇಡಿ."

ಗೂಬೆಯ ಸಂಸಾರ ನೆಮ್ಮದಿಯಾಗಿರುವುದನ್ನು ಕಂಡು ಹದಿನೈದು ದಿನದೊಳಗೆ ಎರಡು ಗಿಳಿ ಜೋಡಿಗಳು ಬಂದವು. ಪ್ರತಿದಿನ ಬೆಳಗ್ಗೆ ಹಿಪ್ಪೆಯ ಬುಡದಲ್ಲಿ ಎರಡು ಹಣ್ಣು ಬಂದು ಬೀಳತೊಡಗಿದವು. ಆ ಬೇಸಿಗೆಯಲ್ಲಿ ಸುರಗಿ ಒಂದು ದಿನವೂ ಬಯಲಿಗೆ ಇಳಿಯಲಿಲ್ಲ.

ನೀತಿ: ಮಹಿಮೆಯನ್ನು ಕೇಳಿ ಕೊಳ್ಳಬೇಡ, ಬುಡವನ್ನು ತಟ್ಟಿ ಕೊಳ್ಳು, ಊರೇ ಹೌದೆಂದರೂ ನಿನ್ನ ಕಣ್ಣಿಗೆ ಸುಳ್ಳೆಂದು ಕಂಡದ್ದನ್ನು ಬೇಡವೆನ್ನಲು ಹೆದರಬೇಡ.