ಕೇಬಲ್ಲನ್ನು ಬಿಡದ ಪಿಕಪ್

ಹೆವಿ ಮೆಟಲ್ ನುಡಿಸುವ ಗಿಟಾರೊಂದಕ್ಕೆ ಬ್ಯಾಟರಿಯ ಬಲದಿಂದ ಗರ್ಜಿಸುವ ಹೊಸ ಪಿಕಪ್ ಬಂತು. ತಂತಿಯ ಮಿಡಿತ ಹಿಡಿಯುವುದು ಅದರ ಕೆಲಸ. ಸದ್ದು ಬಿಗಿಯಾಗಿ ಬರಲೆಂದು ವಾದಕ ಅದನ್ನು ತಂತಿಗಳ ಬುಡವನ್ನು ಹೊರುವ ಬ್ರಿಡ್ಜಿನ ಪಕ್ಕದಲ್ಲೇ ಕೂರಿಸಿದ. ಆ ಜಾಗದಿಂದ ಕಿತ್ತ ಹಳೆಯ ಪಿಕಪ್ ಇನ್ನೂ ಚೀಲದಲ್ಲೇ ಇತ್ತು. ಒಂದು ದಿನ ತಾನೂ ಹಾಗೆಯೇ ಚೀಲ ಸೇರಬಹುದೆಂದು ಹೊಸದಕ್ಕೆ ಭಯ.

ಅಭ್ಯಾಸ ಮುಗಿದು ವಾದಕ ಗಿಟಾರನ್ನು ಸ್ಪೀಕರಿಗೆ ಜೋಡಿಸುವ ಕೇಬಲ್ ಎಳೆದಾಗ ಪಿಕಪ್ ಅಂಗಲಾಚಿತು: "ಕೇಬಲ್ಲೇ, ಹೊರಗೆ ಹೋಗಬೇಡ! ನಾನು ಮೈಮರೆತಾಗ ತಂತಿ ಮಿಡಿದರೆ ನನ್ನ ಗತಿಯೇನು?"

"ನಾನು ಗಿಟಾರಿಗೆ ಸಿಕ್ಕಿಕೊಂಡಿರುವಷ್ಟು ಹೊತ್ತು ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ಅದಕ್ಕೆ ನಿದ್ದೆಯಿಲ್ಲ," ಎಂದಿತು ಕೇಬಲ್.

"ನಿದ್ದೆ ಮಾಡಿದವರು ಚೀಲ ಸೇರುತ್ತಾರೆ!"

ಕೇಬಲ್ ಕಚ್ಚಿಕೊಂಡೇ ಉಳಿಯಿತು. ಎಳೆದು ಸಾಕಾದ ವಾದಕ ಹಾಗೆಯೇ ಬಿಟ್ಟು ಹೋದ. ಶೋ ದಿನದವರೆಗೂ ಪಿಕಪ್ ಕಿವಿ ನಿಮಿರಿಸಿಕೊಂಡೇ ಕಾಯಿತು. ಯಾವ ತಂತಿಯೂ ಮಿಡಿಯಲಿಲ್ಲ.

ವೇದಿಕೆಯ ಮೇಲೆ ವಾದಕ ತಂತಿಗಳನ್ನು ಜೋರಾಗಿ ಬಾರಿಸಿದ. ಪಿಕಪ್ ಗರ್ಜಿಸಲು ಹೋಯಿತು. ಬರೀ ಕರಕರ ಸದ್ದು ಹೊರಟಿತು. ವಾದಕ ಚೀಲದ ಕಡೆ ನೋಡಿದ.

"ಬ್ಯಾಟರಿ, ಏಳು! ದುಡಿಯಬೇಕಾದದ್ದು ಈಗ!" ಎಂದು ಪಿಕಪ್ ಚೀರಿತು.

ಬ್ಯಾಟರಿ ಕ್ಷೀಣವಾಗಿ ಹೇಳಿತು: "ನೀನು ಸುಮ್ಮನೆ ಕಾದಷ್ಟು ಹೊತ್ತೂ ನಾನು ದುಡಿದಾಯಿತು."