ಕೆರೆ ಸೋರುತ್ತದೆಂದು ಹೆದರಿದ ಗಿಡ್ಡವ್ವ

ಲೋಕದ ಹಸಿ ಇನ್ನೂ ಆರಿರಲಿಲ್ಲ. ಬೆಟ್ಟವನ್ನು ಬೆರಳಿಂದ ಒತ್ತಿದರೂ ತಗ್ಗು ಬೀಳುತ್ತಿತ್ತು.

ಆಗ ಇದ್ದದ್ದು ಒಂದೇ ಕೆರೆ. ಅದರ ದಡದಲ್ಲಿ ಗಿಡ್ಡವ್ವ ಎಂಬ ಕುಂಬಾರಗಿತ್ತಿ ತನ್ನ ಎಳೆ ಮಗಳೊಂದಿಗೆ ಇದ್ದಳು. ಪಾಪ, ಅವಳಿಗೆ ಎಲ್ಲದಕ್ಕೂ ಭಯ. ಮಡಕೆ ಸುಟ್ಟರೂ ಭಯ, ಸುಡದಿದ್ದರೂ ಭಯ.

ಒಂದು ಬೆಳಿಗ್ಗೆ ನೀರಿಗೆ ಬಂದವಳು ಹಾಗೇ ನಿಂತುಬಿಟ್ಟಳು. ಕೆರೆಯ ತಳದಿಂದ ಬುಳುಬುಳು ಗುಳ್ಳೆ ಏಳುತ್ತಿತ್ತು. ಒಡಕು ಮಡಕೆಯನ್ನು ನೀರಲ್ಲಿ ಅದ್ದಿದರೆ ಬಿರುಕಿನಿಂದ ಗುಳ್ಳೆ ಬರುವುದನ್ನು ಅವಳು ನೂರು ಸಲ ಕಂಡಿದ್ದಳು.

"ಅಯ್ಯೋ, ಕೆರೆ ತಳ ಬಿರುಕು ಬಿಟ್ಟದೆ. ನೀರೆಲ್ಲಾ ಸೋರೋಗ್ಬುಟ್ರೆ ನನ್ ಕೂಸಿಗೆ ಏನ್ ಕುಡಿಸ್ಲಿ?"

"ಸೋರ್ತಿಲ್ಲ ಕಣಕ್ಕ," ಎಂದಿತು ತಾವರೆ. "ಅದು ಕೆಸರಪ್ಪನ ಉಸಿರು. ಉದುರಿದ್ ಎಲೆ, ಕೊಳೆತ್ ಹುಲ್ಲು ತಿಂದು ಉಸಿರು ಬಿಡ್ತಾನೆ."

ಹೆದರಿದವಳ ಕಿವಿಗೆ ಮಾತು ಹೋದೀತೇ? ಗಿಡ್ಡವ್ವ ಮೊಣಕಾಲುದ್ದದ ನೀರಿಗಿಳಿದು, ಜಿಗಟು ಮಣ್ಣು ಸುರಿದು, ತುಳಿದು, ಮಡಕೆ ತಟ್ಟುವ ಹಲಗೆಯಿಂದ ತಟ್ಟಿ, ತಳವನ್ನೆಲ್ಲ ಮೆತ್ತಿದಳು. ಗುಳ್ಳೆ ನಿಂತಿತು. ಅವಳಿಗೆ ಸಮಾಧಾನವಾಯಿತು, ಒಂದೇ ದಿನದ ಸಮಾಧಾನ.

ಮರುದಿನ ಕೆರೆಯ ತಳ ಉಬ್ಬಿತು. ಅದರ ಮರುದಿನ ಇನ್ನಷ್ಟು ಉಬ್ಬಿತು. ನೀರು ದಡ ಹತ್ತಿ ಗುಡಿಸಲಿಗೆ ನುಗ್ಗಿತು, ಮಗು ಮಲಗಿದ್ದ ಚಾಪೆ ನೆನೆಯಿತು.

"ಉಸಿರು ಕಟ್ತಾ ಅದೆ, ತಾಯಿ," ಎಂದು ಕೆಳಗಿನಿಂದ ಕೆಸರಪ್ಪ ನರಳಿದ.

ಗಿಡ್ಡವ್ವ ಮಗಳನ್ನು ಕಂಕುಳಲ್ಲಿ ಇರುಕಿಕೊಂಡು, ಮೆತ್ತಿದ್ದನ್ನು ಒಡೆಯಲು ಒನಕೆ ಎತ್ತಿದಳು.

"ಬ್ಯಾಡ ಕಣವ್ವ," ಎಂದು ಗಾಳಿ ಅಡ್ಡ ಬಂತು. "ಆ ಉಸಿರು ಕಂಬಳಿ ಇದ್ದಂಗೆ. ಅಷ್ಟನ್ನೂ ಒಂದೇ ಸಲ ಹೊದಿಸಿದ್ರೆ ನಾನು ಬೆಂದೋಯ್ತೀನಿ. ಆಮ್ಯಾಕೆ ನಿನ್ ಕೂಸು ಉಸಿರಾಡೋದು ಹೆಂಗೆ?"

ಒಡೆದರೆ ಬೇಗೆ, ಒಡೆಯದಿದ್ದರೆ ನೀರು. ಅತ್ತ ದರಿ, ಇತ್ತ ಪುಲಿ. ಇದೆಲ್ಲ ತನ್ನದೇ ಕೆಲಸ ಎಂದು ಹೊಳೆದು ಗಿಡ್ಡವ್ವನಿಗೆ ಅಳು ಬಂತು.

"ನಿನ್ ಮಾತು ಕೇಳ್ನಿಲ್ಲ, ತಪ್ಪಾಯ್ತು ತಾವರವ್ವ. ಏನಾರ ಮಾಡು."

ತಾವರೆಯ ದಂಟು ಆಗ ಕಬ್ಬಿನ ಜಲ್ಲೆಯ ಹಾಗೆ ಒಳಗೆಲ್ಲ ಗಟ್ಟಿ. ಅದು ಮೆತ್ತಿದ ಮಣ್ಣನ್ನು ಬೇರಿನಿಂದ ಚುಚ್ಚಿತು. "ನನ್ನೊಳಗಿಂದ ಹೋಗು. ನಿಧಾನ ಕಣಪ್ಪಾ, ನೋಯ್ತದೆ."

ಕೆಸರಪ್ಪನ ಉಸಿರು ದಂಟನ್ನು ಕೊರೆಯುತ್ತ ಮೆಲ್ಲಗೆ ಮೇಲೇರಿತು. ದಡದಾಚೆಯ ಮಣ್ಣು ಆ ಉಸಿರನ್ನು ಸ್ವಲ್ಪ ಕುಡಿದುಕೊಂಡಿತು, ಉಳಿದದ್ದು ಗಾಳಿಗೆ ಹೋಯಿತು. ತಳ ಇಳಿಯಿತು, ನೀರು ಗುಡಿಸಲು ಬಿಟ್ಟು ಹಿಂದಕ್ಕೆ ಸರಿಯಿತು. ಗಿಡ್ಡವ್ವ ಮಗಳ ತಲೆ ಒರೆಸಿದಳು. ಗಾಳಿಗೆ ಮಾತ್ರ ಧೈರ್ಯ ಬರಲಿಲ್ಲ.

ಅದಕ್ಕೇ ಮಗು, ಇವತ್ತಿಗೂ ತಾವರೆ ದಂಟು ಮುರಿದರೆ ಒಳಗೆಲ್ಲ ತೂತು, ಇವತ್ತಿಗೂ ಗಾಳಿ ಕೆರೆಗೆ ಬಂದಾಗೆಲ್ಲ ತಾವರೆ ಎಲೆಯ ಅಂಚು ಎತ್ತೆತ್ತಿ, ಉಸಿರು ಹೆಚ್ಚಾಯಿತೇ ಎಂದು ನೋಡಿಕೊಂಡು ಹೋಗುತ್ತದೆ.