ತಾಮ್ರದ ಹೆಂಗಸಿನ ಕೂದಲು

ತಾಮ್ರದ ನಾಣ್ಯ ನೋಡುವಾಗ ಇಂದುಧರ ಉಸಿರು ಬಿಗಿಹಿಡಿಯುತ್ತಿದ್ದ. ನೋಡಿ ಮುಗಿದ ಮೇಲೆ ಮುಖವನ್ನು ಆಚೆ ತಿರುಗಿಸಿ ಮೆಲ್ಲಗೆ ಬಿಡುತ್ತಿದ್ದ. ಉಸಿರಿನ ತೇವ ತಗುಲಿದರೆ ತಾಮ್ರದ ಮೇಲೆ ಕಲೆ ಏಳುತ್ತದೆಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ವಾಗೀಶನಿಗೆ ಆ ಉಸಿರನ್ನು ಕಂಡರೇ ಆಗುತ್ತಿರಲಿಲ್ಲ. ಅಷ್ಟನ್ನು ಕಲಿಯಲು ಅವನು ಗುರುಗಳಿಂದ ಎಷ್ಟೋ ಸಲ ಬೈಸಿಕೊಂಡಿದ್ದ.

ನದಿಯ ದಡದ ಆ ಆಶ್ರಮದಲ್ಲಿ ಗುರು ನೀಲಕಂಠಯ್ಯನವರು ಕಲಿಸುತ್ತಿದ್ದದ್ದು ನೋಡುವುದನ್ನು. ಕಲಿಯಲು ಇದ್ದದ್ದು ಹಳೆಯ ನಾಣ್ಯಗಳು. ದೂರದೂರದ ಸಂಗ್ರಹಕಾರರು ಕಳಿಸುತ್ತಿದ್ದರು. ಎಷ್ಟು ಸವೆದಿದೆ, ಯಾವ ದರ್ಜೆಯದು ಎಂಬುದಕ್ಕೆ ಗುರುಗಳದ್ದೇ ಕೊನೆಯ ಮಾತು.

ಈಗ ಅವರ ಕಣ್ಣು ಮಂಜಾಗುತ್ತಿತ್ತು. ಕಿಟಕಿಯ ಪಕ್ಕದ ತಮ್ಮ ಮಣೆಯನ್ನು ಇಬ್ಬರು ಶಿಷ್ಯರಲ್ಲಿ ಒಬ್ಬನಿಗೆ ಬಿಟ್ಟುಕೊಡುವವರಿದ್ದರು.

ವಾಗೀಶ ಬಂದು ಎಂಟು ವರ್ಷವಾಗಿತ್ತು. ಇಂದುಧರ ಬಂದದ್ದು ಹೋದ ದೀಪಾವಳಿಗೆ.

ಒಂದು ಬೆಳಿಗ್ಗೆ ಗುರುಗಳು ವಾಗೀಶನೊಬ್ಬನನ್ನೇ ಕರೆದರು. ಕಪ್ಪು ಬಟ್ಟೆಯ ಮೇಲೆ ಅಮೆರಿಕದ ಒಂದು ಸೆಂಟಿನ ತಾಮ್ರದ ನಾಣ್ಯ ಇತ್ತು. ಆ ದೇಶ ನಾಣ್ಯ ಅಚ್ಚು ಹಾಕಲು ಶುರುಮಾಡಿದ ಮೊದಲ ವರ್ಷಗಳದ್ದು. ಅದರ ಮೇಲೆ ಕೂದಲು ಬಿಚ್ಚಿಬಿಟ್ಟ ಹೆಂಗಸಿನ ಮುಖ.

"ಇಂದುಧರ ಇದು ಸವೆದೇ ಇಲ್ಲ ಅಂತಾನೆ. ನೀನೇನಂತೀಯ?"

ವಾಗೀಶ ಮಸೂರ ಹಿಡಿದ. ಕಿವಿಯ ಮೇಲಿನ ಕೂದಲು ಚಪ್ಪಟೆಯಾಗಿತ್ತು. ಆದರೆ ಆ ಚಪ್ಪಟೆಯಲ್ಲಿ, ಅಚ್ಚು ಬೀಳುವ ಮೊದಲು ಬರಿಯ ತಾಮ್ರದ ಬಿಲ್ಲೆಯ ಮೇಲಿದ್ದ ಸಣ್ಣ ಒರಟು ತರಿ ಹಾಗೇ ಉಳಿದಿತ್ತು. ಕೈಯಿಂದ ಕೈಗೆ ಓಡಾಡಿದ ನಾಣ್ಯದಲ್ಲಿ ಮೊದಲು ಹೋಗುವುದೇ ಆ ತರಿ. ಅಂದರೆ ಇದು ಸವೆದದ್ದಲ್ಲ, ಅಚ್ಚು ಅಲ್ಲಿ ಹಗುರಾಗಿ ಬಿದ್ದಿದೆ, ಅಷ್ಟೇ. ಒಂದು ನೋಟಕ್ಕೇ ಅವನಿಗೆ ತಿಳಿಯಿತು.

ಇದು ಇಂದುಧರನಿಗೂ ತಿಳಿದುಬಿಟ್ಟಿದೆ ಎನ್ನುವುದನ್ನು ಅವನಿಂದ ಸಹಿಸಲಾಗಲಿಲ್ಲ.

"ಸವೆದಿದೆ ಗುರುಗಳೇ."

"ಎಲ್ಲಿ?"

"ಕೂದಲಲ್ಲಿ. ಎಳೆಗಳೇ ಇಲ್ಲ ನೋಡಿ. ಎರಡು ದರ್ಜೆ ಕೆಳಗಿಡಬೇಕು."

"ಎರಡಾ?"

"ಅವನು ಹೊಸಬ, ಬಣ್ಣಕ್ಕೆ ಮರುಳಾಗಿದ್ದಾನೆ. ಉಸಿರು ಕಟ್ಟಿಕೊಂಡು ಕೂತ ಮಾತ್ರಕ್ಕೆ ಕಣ್ಣು ಬರುತ್ತಾ?"

"ಅವನ ಉಸಿರಿಗೂ ದರ್ಜೆ ಹಾಕಿಟ್ಟಿದ್ದೀಯಲ್ಲೋ," ಎಂದು ಗುರುಗಳು ನಕ್ಕರು.

ವಾಗೀಶ ನಗಲಿಲ್ಲ.

"ಸವೆದಿಲ್ಲ ಅಂದದ್ದು ನಾನಪ್ಪ," ಎಂದರು ಗುರುಗಳು. "ಇಂದುಧರ ಇದನ್ನಿನ್ನೂ ನೋಡೇ ಇಲ್ಲ. ಬೆಳಿಗ್ಗೆಯಿಂದ ಹಿತ್ತಲಲ್ಲಿ ಸೌದೆ ಒಡೀತಿದ್ದಾನೆ."

ಕೊಡಲಿಯ ಸದ್ದು ಆಗಿನಿಂದಲೂ ಬರುತ್ತಲೇ ಇತ್ತು. ವಾಗೀಶನಿಗೆ ಈಗ ಕೇಳಿಸಿತು.

"ಹಾಗಾದ್ರೆ ನೀವು ಸುಳ್ಳು ಹೇಳಿದ್ರಾ?"

"ಹೇಳಿದೆ. ನೀನೂ ಹೇಳಿದೆ. ಅಲ್ಲಿಗೆ ಸರಿಹೋಯ್ತು. ಈಗ ಹೇಳು, ಕೂದಲು ಸವೆದಿದೆಯಾ?"

"ಇಲ್ಲ," ಎಂದ ವಾಗೀಶ, ಬಟ್ಟೆಯನ್ನೇ ನೋಡುತ್ತ. "ಅಚ್ಚು ಹಗುರಾಗಿ ಬಿದ್ದದ್ದು. ತರಿ ಹಾಗೇ ಇದೆ."

"ಯಾವಾಗ ಕಂಡಿತು?"

"ಮೊದಲೇ."



"ಇಂದುಧರನಿಗೆ ಆ ತರಿ ಕಾಣುತ್ತಾ?"

"ಕಾಣೋದಿಲ್ಲ ಗುರುಗಳೇ. ಅವನಿಗೆ ಆ ವಿಷಯವೇ ಗೊತ್ತಿಲ್ಲ. ಸವೆದಿದೆ ಅಂತಲೇ ಹೇಳ್ತಾನೆ."

ಹೇಳುವಾಗ ತುಟಿಯಂಚಿಗೆ ನಗು ಬಂದೇಬಿಟ್ಟಿತು. ಅಡಗಿಸಲು ಹೋದ, ತಡವಾಗಿತ್ತು.

ಗುರುಗಳು ಮಣೆಯಿಂದ ಎದ್ದು ಗೋಡೆಗೆ ಆತು ನಿಂತರು. ಕಿಟಕಿಯ ಬೆಳಕು ಖಾಲಿ ಮಣೆಯ ಮೇಲೆ ಬಿತ್ತು. ವಾಗೀಶ ಅತ್ತ ಸರಿದ.

"ಈ ಜಾಗ ನಿನಗೇ ಅಂದುಕೊಂಡಿದ್ದೆ," ಎಂದರು ಗುರುಗಳು. "ಇವತ್ತು ಬೆಳಿಗ್ಗೆವರೆಗೂ."

ಅಷ್ಟರಲ್ಲಿ ಕೊಡಲಿಯ ಸದ್ದು ನಿಂತಿತು. ಇಂದುಧರ ಕೈ ತೊಳೆದುಕೊಂಡು ಬಂದು ಬಾಗಿಲಲ್ಲಿ ನಿಂತ.

"ಸೌದೆ ಆಯ್ತು ಗುರುಗಳೇ. ಓ, ಹೊಸ ನಾಣ್ಯ ಬಂದಿದೆಯಾ? ವಾಗೀಶಣ್ಣ, ನೀವು ನೋಡಿದ್ರಾ? ಹೇಗಿದೆ?"



ಗುರುಗಳು ನಾಣ್ಯವನ್ನು ಅಂಚಿನಲ್ಲಿ ಹಿಡಿದು ಎತ್ತಿ ವಾಗೀಶನ ಬೆರಳುಗಳ ನಡುವೆ ಇಟ್ಟರು.

"ಅವನು ಸವೆದಿದೆ ಅಂತ ಹೇಳಿಬಿಡುವ ಮೊದಲು, ಆ ತರಿ ಎಲ್ಲಿದೆ ಅಂತ ತೋರಿಸಿಬಿಡಪ್ಪ."